ಬಯೋಸ್ ಬಿಟ್ಟ ಮೇಲೆ ಕೀಬೋರ್ಡ್ ಯಾರದು?

2015ರ ಕೊನೆಯ ತಿಂಗಳುಗಳಲ್ಲಿ ಹೊಸ ಕಂಪ್ಯೂಟರ್ ಜೋಡಿಸಿ ಅದಕ್ಕೆ ವಿಂಡೋಸ್ 7 ಹಾಕಲು ಕೂತವರಿಗೆ ಒಂದು ವಿಚಿತ್ರ ಎದುರಾಯಿತು. ಯಂತ್ರ ಚಾಲೂ ಮಾಡಿ ಡಿಲೀಟ್ ಕೀಲಿ ಒತ್ತಿದರೆ ಬಯೋಸ್ ಪರದೆ ತೆರೆಯುತ್ತಿತ್ತು. ಬಾಣದ ಕೀಲಿಗಳಿಂದ ಪೆನ್‌ಡ್ರೈವನ್ನು ಪಟ್ಟಿಯ ಮೊದಲ ಸ್ಥಾನಕ್ಕೆ ತಂದು, ಎಫ್10 ಒತ್ತಿ ಉಳಿಸಿ ಹೊರಬರಬಹುದಿತ್ತು. ಕೀಬೋರ್ಡ್ ಚುರುಕಾಗಿಯೇ ಇತ್ತು. ಆಮೇಲೆ ನಾಲ್ಕು ಬಣ್ಣದ ಬೆಳಕಿನ ಹುಳುಗಳು ಒಂದನ್ನೊಂದು ಸುತ್ತಿ ವಿಂಡೋಸ್ ಲಾಂಛನವಾದವು. ಭಾಷೆ ಆರಿಸಿ ಎಂಬ ಪೆಟ್ಟಿಗೆ ಬಂತು. ಮೌಸ್ ಬಾಣ ಪರದೆಯ ನಡುವೆ ನಿಂತೇ ಇತ್ತು. ಎಂಟರ್ ಒತ್ತಿದರೂ ಇಲ್ಲ, ಟ್ಯಾಬ್ ಒತ್ತಿದರೂ ಇಲ್ಲ. ಮೌಸನ್ನು ತಿರುಗಿಸಿ ನೋಡಿದರೆ ಹೊಟ್ಟೆಯ ಕೆಂಪು ಬೆಳಕೇ ಆರಿಹೋಗಿತ್ತು.

ಸಹಜವಾಗಿಯೇ ಮೊದಲ ಅನುಮಾನ ಕೀಬೋರ್ಡ್ ಮೇಲೆ. ಬೇರೆ ಕೀಬೋರ್ಡ್ ತಂದರು, ಅದೂ ಅಷ್ಟೇ. ಹಿಂದಿನ ಕಿಂಡಿಯಿಂದ ಕಿತ್ತು ಮುಂದಿನ ಕಿಂಡಿಗೆ ಚುಚ್ಚಿದರು, ಅಲ್ಲೂ ಅಷ್ಟೇ. ಮದರ್‌ಬೋರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ದವರೂ ಇದ್ದರು. ಆದರೆ ಅಲ್ಲಿ ಯಾವ ವಸ್ತುವೂ ಕೆಟ್ಟಿರಲಿಲ್ಲ. ಕೀಬೋರ್ಡ್, ತಂತಿ, ಕಿಂಡಿ, ಚಿಪ್ ಎಲ್ಲವೂ ಸರಿಯಾಗಿದ್ದವು. ಒಂದು ನಿಮಿಷದ ಹಿಂದೆ ಕೆಲಸ ಮಾಡಿದ ಕೀಬೋರ್ಡ್ ಈಗ ಮಾಡುತ್ತಿಲ್ಲವೆಂದರೆ, ಆ ಒಂದು ನಿಮಿಷದಲ್ಲಿ ಬದಲಾದದ್ದು ಏನು? ಬದಲಾದದ್ದು ಆಲಿಸುವವರು.

ಕೀಬೋರ್ಡ್ ಎಂಬುದು ನಾವು ಎಣಿಸಿದಷ್ಟು ಬಲ್ಲ ಸಾಧನವಲ್ಲ. 'ಕ' ಎಂದರೇನು, 'ಎ' ಎಂದರೇನು ಅದಕ್ಕೆ ಗೊತ್ತಿಲ್ಲ. ಇಂತಿಷ್ಟನೇ ಕೀಲಿ ಕೆಳಗಿಳಿಯಿತು, ಇಂತಿಷ್ಟನೆಯದು ಮೇಲೆದ್ದಿತು ಎಂಬ ಸಂಖ್ಯೆಗಳಷ್ಟೇ ಅದರ ಬಳಿ ಇರುವುದು. ಆ ಸಂಖ್ಯೆಯನ್ನು ತೆಗೆದುಕೊಂಡು ಅಕ್ಷರ ಮಾಡುವುದು, ಆಜ್ಞೆ ಮಾಡುವುದು, ಬೇಡವೆಂದು ಬಿಸಾಡುವುದು ಎಲ್ಲ ಆಚೆ ಬದಿಯ ತಂತ್ರಾಂಶದ ಕೆಲಸ. ಎಷ್ಟರ ಮಟ್ಟಿಗೆ ಎಂದರೆ, ಕ್ಯಾಪ್ಸ್ ಲಾಕ್ ದೀಪ ಕೂಡ ಕೀಬೋರ್ಡಿನ ಸ್ವಂತ ತೀರ್ಮಾನದಿಂದ ಹತ್ತುವುದಿಲ್ಲ. ನಾವು ಕೀಲಿ ಒತ್ತಿದಾಗ ಅದರ ಸಂಖ್ಯೆ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿನ ತಂತ್ರಾಂಶ 'ಸರಿ, ದೊಡ್ಡಕ್ಷರ ಚಾಲೂ' ಎಂದು ತೀರ್ಮಾನಿಸಿ, ದೀಪ ಹಚ್ಚು ಎಂಬ ಸಂದೇಶವನ್ನು ಅದೇ ತಂತಿಯಲ್ಲಿ ವಾಪಸು ಕಳಿಸುತ್ತದೆ. ಆಗಷ್ಟೇ ದೀಪ ಹತ್ತುತ್ತದೆ.

ರಿಪೇರಿಯವರ ಬಳಿ ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಕೀಬೋರ್ಡ್ ಸ್ಪಂದಿಸುತ್ತಿಲ್ಲ ಅನಿಸಿದಾಗ ಕ್ಯಾಪ್ಸ್ ಲಾಕ್ ಅಥವಾ ನಮ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರುತ್ತಿದ್ದರೆ ಸಂಖ್ಯೆ ಹೋಗಿ ಉತ್ತರ ಬರುತ್ತಿದೆ ಎಂದರ್ಥ. ಆಗ ತೊಂದರೆ ಇನ್ನೂ ಮೇಲೆ ಇದೆ: ಇನ್‌ಸ್ಟಾಲ್ ಕಾರ್ಯಕ್ರಮ ಸಿಕ್ಕಿಕೊಂಡಿರಬಹುದು, ಪೆಟ್ಟಿಗೆಯ ಮೇಲೆ ಗಮನ ಇಲ್ಲದಿರಬಹುದು. ದೀಪ ಅಲುಗದಿದ್ದರೆ ಆಚೆ ಬದಿಯಲ್ಲಿ ಆಲಿಸುವವರೇ ಇಲ್ಲ. ಬಯೋಸ್ ಪರದೆಯಲ್ಲಿ ಒಮ್ಮೆ, ಇನ್‌ಸ್ಟಾಲ್ ಪರದೆಯಲ್ಲಿ ಇನ್ನೊಮ್ಮೆ ಒತ್ತಿ ಎರಡನ್ನೂ ಹೋಲಿಸಿದರೆ ಕಾಯಿಲೆ ಎಲ್ಲಿದೆ ಎಂಬುದು ಅರ್ಧ ತಿಳಿದಂತೆ. ದೀಪವೇ ಇಲ್ಲದ ನಿಸ್ತಂತು ಕೀಬೋರ್ಡಿಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ.

ಆಲಿಸುವ ಕೆಲಸ ಮೊದಲು ಇಷ್ಟು ಗೋಜಲಾಗಿರಲಿಲ್ಲ. ಐಬಿಎಂ 1984ರಲ್ಲಿ ತಂದ ಪಿಸಿ ಎಟಿ ಯಂತ್ರದಲ್ಲಿ ಇಂಟೆಲ್‌ನ 8042 ಎಂಬ ಪುಟ್ಟ ಚಿಪ್ ಕೀಬೋರ್ಡಿನ ಕಾವಲು ಕಾಯುತ್ತಿತ್ತು. ಕೀಲಿಯ ಸಂಖ್ಯೆ ಬಂದರೆ ಅದು ಪ್ರೊಸೆಸರಿನ ಒಂದನೇ ನಂಬರಿನ ಇಂಟರಪ್ಟ್ ಗೆರೆಯನ್ನು ತಟ್ಟುತ್ತಿತ್ತು. ಪ್ರೊಸೆಸರ್ 60 ಎಂಬ ವಿಳಾಸದಿಂದ ಆ ಸಂಖ್ಯೆಯನ್ನು ಎತ್ತಿಕೊಳ್ಳುತ್ತಿತ್ತು. 1987ರಲ್ಲಿ ಐಬಿಎಂನದೇ ಪಿಎಸ್/2 ಸರಣಿಯ ಯಂತ್ರಗಳು ಬಂದಾಗ ಕಿಂಡಿ ಆರು ಸೂಜಿಯ ಸಣ್ಣ ದುಂಡು ಆಕಾರಕ್ಕೆ ಬಂತು, ಮೌಸ್‌ಗೂ ಅಂಥದೇ ಒಂದು ಕಿಂಡಿ, ಹನ್ನೆರಡನೇ ಇಂಟರಪ್ಟ್ ದೊರೆಯಿತು. ಕೀಬೋರ್ಡಿಗೆ ನೇರಳೆ, ಮೌಸ್‌ಗೆ ಹಸಿರು ಎಂಬ ಬಣ್ಣದ ನೇಮ ಬಂದದ್ದು ಅದಕ್ಕೂ ಬಹಳ ವರ್ಷ ಕಳೆದು. ಬಣ್ಣ ಬದಲಾಯಿತು, ಕಿಂಡಿ ಬದಲಾಯಿತು, ಆದರೆ 60 ಮತ್ತು 64 ಎಂಬ ಎರಡು ವಿಳಾಸಗಳು ಬದಲಾಗಲಿಲ್ಲ. ಡಾಸ್, ವಿಂಡೋಸ್, ಲಿನಕ್ಸ್ ಎಲ್ಲಕ್ಕೂ ಆ ವಿಳಾಸ ಹುಟ್ಟಿನಿಂದಲೇ ಗೊತ್ತು. ಕಂಪ್ಯೂಟರಿನೊಳಗೆ ಕಂಪ್ಯೂಟರ್ ನಡೆಸುವ ವರ್ಚುವಲ್ ಯಂತ್ರಗಳು ಇಂದಿಗೂ ಪಿಎಸ್/2 ಕೀಬೋರ್ಡಿನ ವೇಷ ಹಾಕುವುದು ಇದೇ ಕಾರಣಕ್ಕೆ. ಯಾವ ಕಾಲದ ಆಪರೇಟಿಂಗ್ ಸಿಸ್ಟಂ ತಂದು ಹಾಕಿದರೂ ಆ ವೇಷ ಗುರುತು ಸಿಗುತ್ತದೆ.

ಯುಎಸ್‌ಬಿ ಬಂದು ಈ ಸರಳತೆ ಹೋಯಿತು. 1996ರ ಜನವರಿಯಲ್ಲಿ ಅದರ ಮೊದಲ ಆವೃತ್ತಿ ಪ್ರಕಟವಾಯಿತು. ವಡೋದರಾದಲ್ಲಿ ಹುಟ್ಟಿ ಇಂಟೆಲ್ ಸೇರಿದ್ದ ಅಜಯ್ ಭಟ್ ಅದರ ರೂವಾರಿಗಳಲ್ಲಿ ಒಬ್ಬರು. ಪ್ರಿಂಟರಿಗೊಂದು, ಮೋಡೆಮ್‌ಗೊಂದು, ಮೌಸ್‌ಗೊಂದು ಎಂದು ಹಿಂಬದಿ ತುಂಬಿದ್ದ ಬಗೆಬಗೆಯ ಕಿಂಡಿಗಳ ಜಾಗದಲ್ಲಿ ಒಂದೇ ಬಗೆಯದು ಸಾಕು ಎಂಬ ಆಸೆ ಈಡೇರಿತು. ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಯುಎಸ್‌ಬಿ ಕೀಬೋರ್ಡ್ ತಾನಾಗಿ ಮಾತಾಡುವಂತಿಲ್ಲ. ಕಂಪ್ಯೂಟರ್ ಕೆಲವು ಮಿಲಿಸೆಕೆಂಡಿಗೊಮ್ಮೆ 'ಏನಾದರೂ ಇದೆಯೇ' ಎಂದು ಕೇಳುತ್ತಲೇ ಇರಬೇಕು, ಕೇಳಿದಾಗ ಅದು ಹೇಳುತ್ತದೆ. ಅದಕ್ಕೂ ಮುಂಚೆ ಪರಿಚಯದ ಶಾಸ್ತ್ರ ನಡೆಯಬೇಕು. ಸಾಧನವನ್ನು ಚುಚ್ಚಿದೊಡನೆ ಅದರೊಳಗಿನ ಒಂದೂವರೆ ಕಿಲೋಓಮ್ ರೆಸಿಸ್ಟರ್ ಎರಡು ದತ್ತಾಂಶ ತಂತಿಗಳಲ್ಲಿ ಒಂದನ್ನು ಮೇಲೆಳೆಯುತ್ತದೆ. ಯಾವ ತಂತಿ ಎಂಬುದರ ಮೇಲೆ ವೇಗ ತಿಳಿಯುತ್ತದೆ. ಸಾದಾ ಕೀಬೋರ್ಡಾದರೆ ಸಾಮಾನ್ಯವಾಗಿ ಸೆಕೆಂಡಿಗೆ 15 ಲಕ್ಷ ಬಿಟ್‌ನ ಕನಿಷ್ಠ ವೇಗ. ಆಮೇಲೆ ಕಂಪ್ಯೂಟರ್ ಅದಕ್ಕೊಂದು ನಂಬರು ಕೊಡುತ್ತದೆ, ನೀನು ಯಾರು, ಯಾವ ಜಾತಿಯ ಸಾಧನ, ಎಷ್ಟು ಕರೆಂಟ್ ಬೇಕು ಎಂದು ವಿಚಾರಿಸುತ್ತದೆ. ಈ ಶಾಸ್ತ್ರ ಮುಗಿಯುವವರೆಗೆ ಸಾಧನ 100 ಮಿಲಿಆಂಪಿಯರ್ ಮೀರಿ ಎಳೆಯಬಾರದು. ಕೇಳುವವರು ಸುಮ್ಮನಾಗಿಬಿಟ್ಟರೆ ನಿದ್ದೆಗೆ ಜಾರಬೇಕು. ಮೌಸ್‌ನ ಕೆಂಪು ದೀಪ ಆರುವುದರ ಗುಟ್ಟು ಅದು.

ಇಷ್ಟೆಲ್ಲ ಶಾಸ್ತ್ರವನ್ನು ಬಯೋಸ್‌ನಂಥ ಚಿಕ್ಕ ಕಾರ್ಯಕ್ರಮವೂ ನಡೆಸಬೇಕಲ್ಲ? ಯುಎಸ್‌ಬಿ ರೂಪಿಸಿದವರು ಇದನ್ನು ಊಹಿಸಿ ಒಂದು ಒಳದಾರಿ ಇಟ್ಟಿದ್ದರು. ಕೀಬೋರ್ಡ್, ಮೌಸ್‌ಗಳ ವರ್ಗಕ್ಕೆ 3 ಎಂಬ ಸಂಖ್ಯೆ. ಅದರೊಳಗೆ 'ಬೂಟ್' ಎಂಬ ಉಪವರ್ಗ. ಅಲ್ಲಿ ಕೀಬೋರ್ಡಿಗೆ 1, ಮೌಸ್‌ಗೆ 2. ಬೂಟ್ ಬಗೆಯ ಕೀಬೋರ್ಡ್ ಪ್ರತಿ ಬಾರಿಯೂ ಎಂಟೇ ಎಂಟು ಬೈಟ್ ಕಳಿಸುತ್ತದೆ: ಶಿಫ್ಟ್, ಕಂಟ್ರೋಲ್‌ಗಳಿಗೆ ಒಂದು, ಖಾಲಿ ಒಂದು, ಮಿಕ್ಕ ಆರರಲ್ಲಿ ಆಗ ಒತ್ತಿರುವ ಕೀಲಿಗಳ ಸಂಖ್ಯೆ. ಮೌಸ್‌ಗೆ ಮೂರು ಬೈಟ್ ಸಾಕು. ಇಷ್ಟನ್ನು ಓದಲು ದೊಡ್ಡ ಡ್ರೈವರ್ ಬೇಕಿಲ್ಲ. ಆಟದವರಿಗೆಂದು ಮಾಡಿದ ದುಬಾರಿ ಕೀಬೋರ್ಡುಗಳಲ್ಲಿ ಕೆಲವು ಈ ಸರಳ ರೂಪಕ್ಕೆ ಸರಿಯಾಗಿ ಇಳಿಯದೆ ಬಯೋಸ್‌ನಲ್ಲೇ ತಗಾದೆ ಮಾಡಿದ್ದುಂಟು. ಕೋರ್ಸೇರ್ ಕಂಪನಿ ತನ್ನ ಕೆಲವು ಮಾದರಿಗಳ ಬೆನ್ನಿಗೆ 'ಬಯೋಸ್' ಎಂದು ಬರೆದ ಸ್ವಿಚ್ಚನ್ನೇ ಇಟ್ಟಿತು. ಆಪರೇಟಿಂಗ್ ಸಿಸ್ಟಂ ಹಾಕುವ ದಿನಕ್ಕೆ ಮೂಲೆಯಲ್ಲಿ ಬಿದ್ದ ಮುನ್ನೂರು ರೂಪಾಯಿ ಕೀಬೋರ್ಡೇ ವಾಸಿ ಎಂದು ನಾನು ಹೇಳುವುದು ತಮಾಷೆಗಲ್ಲ.

ಹೀಗೆ ಯಂತ್ರ ಏಳುವ ಹೊತ್ತಿನಲ್ಲಿ ಕೀಬೋರ್ಡನ್ನು ಆಲಿಸುವುದು ಫರ್ಮ್‌ವೇರ್. ಹಳೆಯ ಬಯೋಸ್ ಇರಲಿ, ಈಗಿನ ಯುಇಎಫ್‌ಐ ಇರಲಿ, ಅದರೊಳಗೇ ಒಂದು ಯುಎಸ್‌ಬಿ ಡ್ರೈವರ್ ಕೂತಿರುತ್ತದೆ. ಯಾವ ಆಪರೇಟಿಂಗ್ ಸಿಸ್ಟಂ ಚಾಲೂ ಮಾಡೋಣ ಎಂದು ಕೇಳುವ ಬೂಟ್ ಪಟ್ಟಿ ಕೂಡ ಫರ್ಮ್‌ವೇರಿನ ಕಿವಿಯಿಂದಲೇ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಅಲ್ಲಿಯತನಕ ಬಾಣದ ಕೀಲಿಗಳು ಓಡುತ್ತವೆ. ಮುಂದೆ ಆಪರೇಟಿಂಗ್ ಸಿಸ್ಟಂನ ತಿರುಳು ನೆನಪಿಗೆ ಬಂದ ಮೇಲೆ ಅದು ಫರ್ಮ್‌ವೇರಿಗೆ 'ನಿನ್ನ ಸೇವೆ ಸಾಕು' ಎನ್ನುತ್ತದೆ. ಯುಇಎಫ್‌ಐನಲ್ಲಿ ಇದಕ್ಕೆಂದೇ ಒಂದು ಕರೆ ಇದೆ. ಆ ಕರೆ ಬಂದ ಕ್ಷಣ ಫರ್ಮ್‌ವೇರಿನ ಕೀಬೋರ್ಡ್ ಡ್ರೈವರ್, ಡಿಸ್ಕ್ ಡ್ರೈವರ್ ಎಲ್ಲ ಬಾಗಿಲು ಹಾಕಿಕೊಳ್ಳುತ್ತವೆ, ಇನ್ನು ವಾಪಸು ಕರೆಯುವ ದಾರಿ ಇಲ್ಲ. ರಾತ್ರಿ ಪಾಳಿಯ ಕಾವಲುಗಾರ ಬೀಗದ ಕೈ ಗೊಂಚಲು ಮೇಜಿನ ಮೇಲಿಟ್ಟು ಮನೆಗೆ ಹೋಗಿದ್ದಾನೆ. ಹಗಲು ಪಾಳಿಯವನು ಬಂದಿದ್ದಾನೆ, ಆದರೆ ಅವನಿಗೆ ಈ ನಮೂನೆಯ ಬೀಗವನ್ನು ತೆರೆಯಲು ಯಾರೂ ಕಲಿಸಿಲ್ಲ. ವಿಂಡೋಸ್ 7ಕ್ಕೆ ಆದದ್ದು ಇದೇ.

ಯಾವ ಬೀಗ ಅದು? ಯುಎಸ್‌ಬಿ ತಂತಿಗಳಿಗೂ ಪ್ರೊಸೆಸರಿಗೂ ನಡುವೆ ನಿಯಂತ್ರಕವೊಂದಿದೆ. ಅದರೊಂದಿಗೆ ಆಪರೇಟಿಂಗ್ ಸಿಸ್ಟಂ ಹೇಗೆ ವ್ಯವಹರಿಸಬೇಕು ಎಂಬುದಕ್ಕೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಟ್ಟಳೆಗಳಾದವು. ಮೊದಲ ಯುಎಸ್‌ಬಿಗೆ ಯುಎಚ್‌ಸಿಐ ಎಂದು ಇಂಟೆಲ್ ಒಂದನ್ನು ಮಾಡಿದರೆ, ಕಾಂಪ್ಯಾಕ್, ಮೈಕ್ರೋಸಾಫ್ಟ್ ಮತ್ತು ನ್ಯಾಷನಲ್ ಸೆಮಿಕಂಡಕ್ಟರ್ ಸೇರಿ ಓಎಚ್‌ಸಿಐ ಎಂದು ಇನ್ನೊಂದನ್ನು ಮಾಡಿದವು. 2000ದಲ್ಲಿ ಯುಎಸ್‌ಬಿ 2.0 ಬಂದಾಗ ಇಎಚ್‌ಸಿಐ. 2008ರ ನವೆಂಬರಿನಲ್ಲಿ ಯುಎಸ್‌ಬಿ 3.0 ಪ್ರಕಟವಾದಾಗ ಹಳೆಯದಕ್ಕೆ ತೇಪೆ ಹಾಕುವುದು ಬಿಟ್ಟು ಎಕ್ಸ್‌ಎಚ್‌ಸಿಐ ಎಂಬ ಹೊಸ ಕಟ್ಟಳೆಯನ್ನು ಬರೆಯಲಾಯಿತು. ಎಲ್ಲ ವೇಗದ ಸಾಧನಗಳನ್ನೂ ಇದೊಂದೇ ನಿಭಾಯಿಸುತ್ತದೆ, ಆದ್ದರಿಂದ ಹಳೆಯವು ಬೇಕಿಲ್ಲ ಎಂಬುದು ಇದರ ಹೆಚ್ಚುಗಾರಿಕೆ. ತೊಂದರೆಯ ಬೀಜವೂ ಅದೇ.

ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಿಂಡೋಸ್ 7 ತಯಾರಾಗಿ ಮುದ್ರಣಕ್ಕೆ ಹೋದದ್ದು 2009ರ ಜುಲೈಯಲ್ಲಿ, ಮಾರುಕಟ್ಟೆಗೆ ಬಂದದ್ದು ಅಕ್ಟೋಬರ್ 22ರಂದು. ಎಕ್ಸ್‌ಎಚ್‌ಸಿಐ ಕಟ್ಟಳೆಯ 1.0 ಆವೃತ್ತಿ ಹೊರಬಂದದ್ದು 2010ರ ಮೇ ತಿಂಗಳಲ್ಲಿ. ಕಟ್ಟಳೆ ಇನ್ನೂ ಕರಡಿನಲ್ಲಿದ್ದಾಗಲೇ ವಿಂಡೋಸ್ 7ರ ಡಿಸ್ಕ್ ಅಚ್ಚಾಗಿಹೋಗಿತ್ತು. ಮೈಕ್ರೋಸಾಫ್ಟ್ ಎಕ್ಸ್‌ಎಚ್‌ಸಿಐ ಡ್ರೈವರನ್ನು ತನ್ನ ಡಿಸ್ಕಿನೊಳಗೇ ಇಟ್ಟು ಕೊಟ್ಟದ್ದು 2012ರ ಅಕ್ಟೋಬರಿನ ವಿಂಡೋಸ್ 8ರಲ್ಲಿ. ಅತ್ತ ಲಿನಕ್ಸ್ 2009ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ 2.6.31ನೇ ಕರ್ನಲ್‌ನಲ್ಲೇ ಎಕ್ಸ್‌ಎಚ್‌ಸಿಐಯನ್ನು ಒಳಗೊಂಡಿತ್ತು. ಇಂಟೆಲ್‌ನಲ್ಲಿದ್ದ ಸಾರಾ ಶಾರ್ಪ್ ಎಂಬ ಎಂಜಿನಿಯರ್ ಬರೆದ ಡ್ರೈವರ್ ಅದು. ಒಂದೇ ವರ್ಷ ಬಂದ ಎರಡು ತಂತ್ರಾಂಶಗಳು, ಒಂದಕ್ಕೆ ಹೊಸ ನಿಯಂತ್ರಕ ಗೊತ್ತು, ಇನ್ನೊಂದಕ್ಕೆ ಗೊತ್ತಿಲ್ಲ.

ಆದರೂ ಕೆಲವು ವರ್ಷ ಹೆಚ್ಚಿನವರಿಗೆ ಇದು ತಟ್ಟಲಿಲ್ಲ. 2012ರಲ್ಲಿ ಇಂಟೆಲ್ ತನ್ನ ಚಿಪ್‌ಸೆಟ್ಟಿನೊಳಗೆ ಎಕ್ಸ್‌ಎಚ್‌ಸಿಐ ತಂದಾಗ ಹಳೆಯ ಇಎಚ್‌ಸಿಐಯನ್ನೂ ಜೊತೆಗೇ ಉಳಿಸಿತ್ತು. ಬಯೋಸ್‌ನಲ್ಲಿ 'ಆಟೋ', 'ಸ್ಮಾರ್ಟ್ ಆಟೋ' ಎಂಬ ಆಯ್ಕೆಗಳಿದ್ದವು. ಡ್ರೈವರ್ ಇಲ್ಲದ ಆಪರೇಟಿಂಗ್ ಸಿಸ್ಟಂ ಬಂದರೆ ಕಿಂಡಿಗಳನ್ನು ಸದ್ದಿಲ್ಲದೆ ಹಳೆಯ ನಿಯಂತ್ರಕಕ್ಕೆ ತಿರುಗಿಸಿಬಿಡುತ್ತಿದ್ದವು. ನೀಲಿ ಕಿಂಡಿಗೆ ಚುಚ್ಚಿದ ಕೀಬೋರ್ಡ್ ಸತ್ತಂತಿದ್ದರೆ ಕಪ್ಪು ಕಿಂಡಿಗೆ ಹಾಕಿ ಎಂಬ ಸಲಹೆ ಹಬ್ಬಿದ್ದು ಆ ಕಾಲದಲ್ಲಿ. ಆಗ ಅದು ಸರಿಯೂ ಆಗಿತ್ತು. 2015ರ ಆಗಸ್ಟಿನಲ್ಲಿ ಸ್ಕೈಲೇಕ್ ಪ್ರೊಸೆಸರ್ ಮತ್ತು ಅದರ 100 ಸರಣಿಯ ಚಿಪ್‌ಸೆಟ್ ಬಂದಾಗ ಇಂಟೆಲ್ ಇಎಚ್‌ಸಿಐಯನ್ನು ಕಿತ್ತುಹಾಕಿತು. ಅಲ್ಲಿಂದ ಮುಂದೆ ಕಪ್ಪು ಕಿಂಡಿಯ ಹಿಂದೆಯೂ ಎಕ್ಸ್‌ಎಚ್‌ಸಿಐ, ನೀಲಿ ಕಿಂಡಿಯ ಹಿಂದೆಯೂ ಎಕ್ಸ್‌ಎಚ್‌ಸಿಐ. ಕಿಂಡಿಯ ಬಣ್ಣ ಅದರ ವೇಗವನ್ನು ಹೇಳುತ್ತದೆಯೇ ಹೊರತು ಒಳಗೆ ಯಾವ ನಿಯಂತ್ರಕ ಕೂತಿದೆ ಎಂಬುದನ್ನಲ್ಲ. ಹಳೆಯ ಸಲಹೆ ನಂಬಿ ಒಂದೊಂದೇ ಕಿಂಡಿಗೆ ಚುಚ್ಚಿ ನೋಡಿದವರ ಅರ್ಧ ದಿನ ಹೋದದ್ದು ಹಾಗೆ.

ಕೀಬೋರ್ಡ್ ಪಿಎಸ್/2 ಆಗಿದ್ದು ಈ ಹಂತ ದಾಟಿದವರಿಗೆ ಮುಂದಿನ ಪರದೆಯಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ಸಿಡಿ ಅಥವಾ ಡಿವಿಡಿ ಡ್ರೈವಿನ ಡ್ರೈವರ್ ಕಾಣೆಯಾಗಿದೆ, ಫ್ಲಾಪಿಯೋ ಸಿಡಿಯೋ ಪೆನ್‌ಡ್ರೈವೋ ಇದ್ದರೆ ಹಾಕಿ ಎಂಬ ಸಂದೇಶ. ಯಂತ್ರದಲ್ಲಿ ಸಿಡಿ ಡ್ರೈವೇ ಇಲ್ಲ! ಪೆನ್‌ಡ್ರೈವಿನಿಂದಲೇ ಓಡುತ್ತಿರುವ ಇನ್‌ಸ್ಟಾಲ್ ಕಾರ್ಯಕ್ರಮ ಪೆನ್‌ಡ್ರೈವ್ ಎಲ್ಲಿ ಎಂದು ಕೇಳುವುದೆಂದರೆ? ನಡೆದದ್ದು ಇಷ್ಟು. ಆ ಪೆನ್‌ಡ್ರೈವಿನಲ್ಲಿ ಎರಡು ದೊಡ್ಡ ಕಡತಗಳಿವೆ. ಬೂಟ್.ವಿಮ್ ಎಂಬುದು ಒಂದು ಪುಟ್ಟ ವಿಂಡೋಸ್. ಇನ್‌ಸ್ಟಾಲ್ ಪರದೆಗಳನ್ನು ತೋರಿಸುವುದೇ ಅದು. ಇನ್‌ಸ್ಟಾಲ್.ವಿಮ್ ಎಂಬುದರಲ್ಲಿ ನಿಜವಾಗಿ ಡಿಸ್ಕಿಗಿಳಿಯಬೇಕಾದ ಪೂರ್ತಿ ವಿಂಡೋಸ್ ಇದೆ. ಮೊದಲನೆಯದನ್ನು ಪೂರ್ತಿಯಾಗಿ ನೆನಪಿಗೆ ತಂದು ಇಟ್ಟದ್ದು ಫರ್ಮ್‌ವೇರಿನ ಡಿಸ್ಕ್ ಡ್ರೈವರ್. ಆಮೇಲೆ ಫರ್ಮ್‌ವೇರ್ ಹೊರಟಿತು. ಪುಟ್ಟ ವಿಂಡೋಸ್ ಎಚ್ಚೆತ್ತು ಎರಡನೆಯ ಕಡತಕ್ಕೆಂದು ನೋಡಿದರೆ, ತಾನು ಬಂದ ದಾರಿಯೇ ಅದಕ್ಕೆ ಕಾಣುತ್ತಿಲ್ಲ. ಕೀಬೋರ್ಡಿನ ಮೌನಕ್ಕೂ ಈ ಸಂದೇಶಕ್ಕೂ ಮೂಲ ಒಂದೇ. ಸಂದೇಶ ಬರೆದವರು ಇನ್‌ಸ್ಟಾಲ್ ಎಂದರೆ ಡಿವಿಡಿ ಎಂದುಕೊಂಡು ಬರೆದರು. ತಪ್ಪು ದಾರಿಗೆ ಕಳಿಸುವ ಸಂದೇಶಗಳಲ್ಲಿ ಇದಕ್ಕೆ ನಾನು ಮೊದಲ ಬಹುಮಾನ ಕೊಡುತ್ತೇನೆ.

ಹಳೆಯ ವಿಂಡೋಸನ್ನೇ ಯಾಕೆ ಹಿಡಿದು ಕೂರಬೇಕಿತ್ತು ಎಂದು ಕೇಳುವುದು ಸುಲಭ. ಹಳೆಯ ಪ್ರಿಂಟರು, ಪ್ರಯೋಗಾಲಯದ ಉಪಕರಣ, ಲೆಕ್ಕಪತ್ರದ ತಂತ್ರಾಂಶ ಇಂಥವು ಒಂದು ಆವೃತ್ತಿಗೆ ಒಗ್ಗಿಕೊಂಡಿದ್ದರೆ ಕಚೇರಿಗಳು ಅದನ್ನು ಬಿಡುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಭದ್ರತಾ ಬೆಂಬಲ 2020ರ ಜನವರಿ 14ರವರೆಗೂ ಇತ್ತು, ಹಾಗಾಗಿ ಅವರ ಹಟ ಅಷ್ಟೇನೂ ಅವಿವೇಕದ್ದಲ್ಲ.

ಪರಿಹಾರಗಳಲ್ಲಿ ಅತ್ಯಂತ ಸುಲಭದ್ದು ದುಂಡು ಕಿಂಡಿಯ ಕೀಬೋರ್ಡ್. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಿದರೆ ಅಂಥದೊಂದು ಸಿಗುವುದು ಕಷ್ಟವಲ್ಲ. ಎರಡು ಎಚ್ಚರಿಕೆಗಳಿವೆ. ಪಿಎಸ್/2 ಸಾಧನವನ್ನು ಯಂತ್ರ ಆಫ್ ಇರುವಾಗಲೇ ಚುಚ್ಚಬೇಕು. ಓಡುತ್ತಿರುವಾಗ ಚುಚ್ಚಿದರೆ ಗುರುತು ಸಿಗುವ ಭರವಸೆ ಇಲ್ಲ. ಇನ್ನು, ಯುಎಸ್‌ಬಿ ಕೀಬೋರ್ಡಿಗೆ ಹಸಿರು ಅಥವಾ ನೇರಳೆ ಬಣ್ಣದ ಅಡಾಪ್ಟರ್ ಸಿಕ್ಕಿಸಿದ ಮಾತ್ರಕ್ಕೆ ಅದು ಪಿಎಸ್/2 ಆಗುವುದಿಲ್ಲ. ಆ ಅಡಾಪ್ಟರಿನೊಳಗೆ ತಂತಿಗಳಷ್ಟೇ ಇರುವುದು. ಎರಡೂ ಭಾಷೆ ಬಲ್ಲ ಕೀಬೋರ್ಡಾದರೆ ತಾನೇ ವೇಷ ಬದಲಿಸುತ್ತದೆ, ಇಲ್ಲದಿದ್ದರೆ ಅಡಾಪ್ಟರ್ ವ್ಯರ್ಥ. ಅಷ್ಟಾದರೂ ಪೆನ್‌ಡ್ರೈವಿನ ತಾಪತ್ರಯ ಉಳಿದೇ ಇರುತ್ತದೆ. ಸಾಟಾ ತಂತಿಯ ಡಿವಿಡಿ ಡ್ರೈವ್ ಒಂದಿದ್ದರೆ ಅದೂ ತಪ್ಪುತ್ತದೆ.

ಬುಡಕ್ಕೇ ಕೈ ಹಾಕುವ ಪರಿಹಾರವೆಂದರೆ ಹಳೆಯ ವಿಂಡೋಸ್‌ಗೆ ಹೊಸ ಡ್ರೈವರನ್ನು ಮೊದಲೇ ತಿನ್ನಿಸುವುದು. ಕೆಲಸ ಮಾಡುತ್ತಿರುವ ಇನ್ನೊಂದು ಯಂತ್ರದಲ್ಲಿ ಪೆನ್‌ಡ್ರೈವಿನ ಕಡತಗಳನ್ನು ಮೈಕ್ರೋಸಾಫ್ಟಿನದೇ ಡಿಸ್ಮ್ ಎಂಬ ಉಪಕರಣದಿಂದ ಬಿಚ್ಚಿ, ಇಂಟೆಲ್ ಕೊಟ್ಟ ಯುಎಸ್‌ಬಿ 3 ಡ್ರೈವರನ್ನು ಸೇರಿಸಿ, ಮತ್ತೆ ಮುಚ್ಚಬೇಕು. ಇಲ್ಲಿ ಬಹಳ ಮಂದಿ ಎಡವಿದರು. ಬೂಟ್.ವಿಮ್‌ನೊಳಗೆ ಎರಡು ಪ್ರತಿಗಳಿವೆ. ಇನ್‌ಸ್ಟಾಲ್ ಪರದೆ ಓಡುವುದು ಎರಡನೆಯದರಲ್ಲಿ. ಮೊದಲನೆಯದಕ್ಕೆ ಮಾತ್ರ ಸೇರಿಸಿದರೆ ಏನೂ ಬದಲಾಗುವುದಿಲ್ಲ. ಬೂಟ್.ವಿಮ್‌ಗೆ ಸೇರಿಸಿ ಇನ್‌ಸ್ಟಾಲ್.ವಿಮ್ ಮರೆತರೆ ಇನ್ನೂ ಸೊಗಸು: ಕೀಬೋರ್ಡ್ ಓಡುತ್ತದೆ, ಕಡತಗಳು ಡಿಸ್ಕಿಗಿಳಿಯುತ್ತವೆ, ಯಂತ್ರ ಮರುಚಾಲೂ ಆಗಿ ನಿಮ್ಮ ಹೆಸರು ಬರೆಯಿರಿ ಎನ್ನುವಾಗ ಕೀಬೋರ್ಡ್ ಮತ್ತೆ ಮಲಗುತ್ತದೆ. ಹೊಸದಾಗಿ ಎದ್ದಿರುವುದು ಬೇರೆಯೇ ವಿಂಡೋಸ್, ಅದಕ್ಕೆ ಡ್ರೈವರ್ ಸಿಕ್ಕಿರಲಿಲ್ಲ. ಇನ್‌ಸ್ಟಾಲ್.ವಿಮ್‌ನಲ್ಲಿ ಹೋಂ, ಪ್ರೊಫೆಷನಲ್, ಅಲ್ಟಿಮೇಟ್ ಎಂದು ಆವೃತ್ತಿಗೊಂದು ಪ್ರತಿ ಇರುತ್ತದೆ. ಯಾವುದನ್ನು ಹಾಕಲಿದ್ದೇವೋ ಅದಕ್ಕೆ ಸೇರಿಸಲೇಬೇಕು. 64 ಬಿಟ್‌ನ ವಿಂಡೋಸ್‌ಗೆ 64 ಬಿಟ್‌ನದೇ ಡ್ರೈವರ್.

ಇಷ್ಟು ರಗಳೆ ಎಲ್ಲರ ಕೈಲಾಗುವುದಿಲ್ಲವೆಂದು ಮದರ್‌ಬೋರ್ಡ್ ಕಂಪನಿಗಳಿಗೂ ಬೇಗ ತಿಳಿಯಿತು. ಗಿಗಾಬೈಟ್, ಎಂಎಸ್‌ಐ, ಆಸ್‌ರಾಕ್ ಮುಂತಾದವು ಪೆನ್‌ಡ್ರೈವನ್ನು ತಾವೇ ತಿದ್ದಿಕೊಡುವ ಸಣ್ಣ ಕಾರ್ಯಕ್ರಮಗಳನ್ನು ಬಿಟ್ಟವು. ಇಂಟೆಲ್ ಕೂಡ ಒಂದನ್ನು ಕೊಟ್ಟಿತು. ಆಸ್‌ರಾಕ್‌ನ ಕೆಲವು ಬೋರ್ಡುಗಳ ಬಯೋಸ್‌ನಲ್ಲಿ 'ಪಿಎಸ್/2 ಸಿಮ್ಯುಲೇಟರ್' ಎಂಬ ಆಯ್ಕೆಯೂ ಇತ್ತು. ನನಗೆ ತುಂಬ ಇಷ್ಟವಾದ ಉಪಾಯ ಅದು. ಅದರ ಹಿಂದಿರುವ ಹಳೆಯ ತಂತ್ರ ಹೀಗಿದೆ: ಪ್ರೊಸೆಸರಿನಲ್ಲಿ ಆಪರೇಟಿಂಗ್ ಸಿಸ್ಟಂಗೂ ಕಾಣದ ಒಂದು ಸ್ಥಿತಿ ಇದೆ. ಆಪರೇಟಿಂಗ್ ಸಿಸ್ಟಂ 60ನೇ ವಿಳಾಸವನ್ನು ಮುಟ್ಟಿದೊಡನೆ ಪ್ರೊಸೆಸರ್ ಕ್ಷಣಕಾಲ ಆ ಸ್ಥಿತಿಗೆ ಜಾರುತ್ತದೆ. ಅಲ್ಲಿ ಅಡಗಿರುವ ಫರ್ಮ್‌ವೇರ್ ಯುಎಸ್‌ಬಿ ಕೀಬೋರ್ಡನ್ನು ವಿಚಾರಿಸಿ, ಬಂದ ಉತ್ತರವನ್ನು 8042 ಚಿಪ್ ಕೊಟ್ಟಂತೆ ಇಟ್ಟು ಮರೆಯಾಗುತ್ತದೆ. ಆಪರೇಟಿಂಗ್ ಸಿಸ್ಟಂಗೆ ನಡುವೆ ಇಷ್ಟು ನಡೆಯಿತೆಂದೇ ತಿಳಿಯುವುದಿಲ್ಲ. ಯುಎಸ್‌ಬಿ ಎಂದರೇನೆಂದೇ ಅರಿಯದ ಡಾಸ್, ಯುಎಸ್‌ಬಿ ಕೀಬೋರ್ಡಿನಲ್ಲಿ ಕುಟ್ಟಿದ್ದನ್ನು ಕೇಳಿಸಿಕೊಳ್ಳುವುದು ಇಂಥ ಏರ್ಪಾಡಿನಿಂದ. ಬಯೋಸ್‌ನಲ್ಲಿ 'ಲೆಗಸಿ ಯುಎಸ್‌ಬಿ', 'ಪೋರ್ಟ್ 60/64 ಎಮ್ಯುಲೇಷನ್' ಎಂದು ಕಂಡರೆ ಇದೇ ಬಗೆಯ ಏರ್ಪಾಡು.

ಇದೇ ಪಟ್ಟಿಯ ಪಕ್ಕದಲ್ಲಿ 'ಎಕ್ಸ್‌ಎಚ್‌ಸಿಐ ಹ್ಯಾಂಡ್‌ಆಫ್' ಎಂಬುದೂ ಇರುತ್ತದೆ. ನಿಯಂತ್ರಕದೊಳಗೆ ಎರಡು ಬಿಟ್‌ಗಳಿವೆ: ಬಯೋಸ್ ಒಡೆತನ, ಆಪರೇಟಿಂಗ್ ಸಿಸ್ಟಂ ಒಡೆತನ. ಆಪರೇಟಿಂಗ್ ಸಿಸ್ಟಂನ ಡ್ರೈವರ್ ತನ್ನ ಬಿಟ್ ಏರಿಸುತ್ತದೆ, ಬಯೋಸ್ ತನ್ನದನ್ನು ಇಳಿಸಿ ಸರಿಯಬೇಕು. ಬಯೋಸ್ ಜಗ್ಗದೆ ಕೂತರೆ ಲಿನಕ್ಸ್ ಕೊಂಚ ಹೊತ್ತು ಕಾದು, ಹಸ್ತಾಂತರ ವಿಫಲವಾಯಿತು, ಬಯೋಸ್ ದೋಷವಿರಬಹುದು ಎಂದು ದಾಖಲಿಸಿ ಬಲವಂತವಾಗಿ ನಿಯಂತ್ರಕವನ್ನು ಕಿತ್ತುಕೊಳ್ಳುತ್ತದೆ.

ದೋಷ ಯಂತ್ರದಲ್ಲಿದೆಯೋ ಡ್ರೈವರಿನಲ್ಲಿದೆಯೋ ತಿಳಿಯಲು ಲಿನಕ್ಸ್ ಒಳ್ಳೆಯ ಸಾಕ್ಷಿ. ಹೊಸ ಉಬುಂಟುವನ್ನೋ ಬೇರೆ ಯಾವುದನ್ನೋ ಪೆನ್‌ಡ್ರೈವಿಗೆ ಹಾಕಿ, ಡಿಸ್ಕಿಗೆ ಇಳಿಸದೆ ಹಾಗೇ ಓಡಿಸಿ. ಅಲ್ಲಿ ಕೀಬೋರ್ಡ್, ಮೌಸ್ ಓಡಿದರೆ ಯಂತ್ರ ಸರಿ ಇದೆ. ಹಾಗೆಂದು ಲಿನಕ್ಸ್ ಈ ಕಾಯಿಲೆಯಿಂದ ಪೂರ್ತಿ ಮುಕ್ತವೇನಲ್ಲ. ಅದು ಏಳುವಾಗ ಮೊದಲು ಇನಿಟ್‌ರಾಮ್‌ಎಫ್‌ಎಸ್ ಎಂಬ ಸಣ್ಣ ಗಂಟನ್ನು ಬಿಚ್ಚಿಕೊಳ್ಳುತ್ತದೆ. ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕಿದ್ದರೆ ಪಾಸ್‌ವರ್ಡ್ ಕೇಳುವುದು ಅಲ್ಲಿಯೇ. ಆ ಗಂಟಿನಲ್ಲಿ ಯುಎಸ್‌ಬಿ ಮತ್ತು ಕೀಬೋರ್ಡ್ ಡ್ರೈವರುಗಳು ಇಲ್ಲದಿದ್ದರೆ ಪಾಸ್‌ವರ್ಡ್ ಕುಟ್ಟುವಂತಿಲ್ಲ. ಕುಟ್ಟದೆ ಡಿಸ್ಕ್ ತೆರೆಯುವಂತಿಲ್ಲ. ಡ್ರೈವರ್ ಇರುವುದು ಆ ಡಿಸ್ಕಿನೊಳಗೆ. ಆರ್ಚ್ ಲಿನಕ್ಸಿನಲ್ಲಿ ಈ ಗಂಟು ಕಟ್ಟುವಾಗ, ಈ ಯಂತ್ರಕ್ಕೆ ಬೇಕಾದ್ದನ್ನಷ್ಟೇ ಆರಿಸುವ ಹಂತಕ್ಕಿಂತ ಮೊದಲೇ ಕೀಬೋರ್ಡಿನ ಸಾಲನ್ನು ಇಡಿ ಎಂದು ಸೂಚಿಸುವುದು, ನಾಳೆ ಬೇರೆ ಕೀಬೋರ್ಡ್ ಚುಚ್ಚಿದರೂ ಓಡಲಿ ಎಂದು.

ಲ್ಯಾಪ್‌ಟಾಪಿನಲ್ಲಿ ಕತೆ ತುಸು ಬೇರೆ. ಅದರ ಕೀಬೋರ್ಡ್ ಒಳಗಿನ ಒಂದು ನಿಯಂತ್ರಕ ಚಿಪ್‌ಗೆ ಸೇರಿದ್ದು, ಆ ಚಿಪ್ ಬಹುಪಾಲು ಮಾದರಿಗಳಲ್ಲಿ ಇಂದಿಗೂ 8042ರಂತೆಯೇ ನಟಿಸುತ್ತದೆ. ಹಾಗಾಗಿ ಯುಎಸ್‌ಬಿ ಮೌಸ್ ಸತ್ತರೂ ಲ್ಯಾಪ್‌ಟಾಪ್ ಕೀಬೋರ್ಡ್ ಬದುಕಿರುತ್ತದೆ. ಟ್ಯಾಬ್, ಬಾಣ, ಸ್ಪೇಸ್, ಎಂಟರ್ ಇಷ್ಟರಿಂದಲೇ ಇಡೀ ಇನ್‌ಸ್ಟಾಲ್ ಮುಗಿಸಬಹುದು. ಟಚ್‌ಪ್ಯಾಡ್ ಕೂಡ ಹಿಂದೆ ಪಿಎಸ್/2 ಆಗಿಯೇ ಇತ್ತು. 2012ರಲ್ಲಿ ವಿಂಡೋಸ್ 8ರೊಂದಿಗೆ ಐ2ಸಿ ಎಂಬ ಎರಡು ತಂತಿಯ ದಾರಿಯಲ್ಲಿ ಇಂಥ ಸಾಧನಗಳು ಮಾತಾಡುವ ಪದ್ಧತಿ ಬಂತು. ಈಗಲೂ ವಿಂಡೋಸ್ 10 ಅಥವಾ 11 ಹಾಕುವಾಗ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಟಚ್‌ಪ್ಯಾಡ್ ಅಲುಗುವುದಿಲ್ಲ. ಇಂಟೆಲ್‌ನ 'ಸೀರಿಯಲ್ ಐಓ' ಡ್ರೈವರ್ ಇನ್‌ಸ್ಟಾಲ್ ಪೆನ್‌ಡ್ರೈವಿನಲ್ಲಿ ಇಲ್ಲದಿರುವುದೇ ಸಾಮಾನ್ಯ ಕಾರಣ. ಒಂದು ಯುಎಸ್‌ಬಿ ಮೌಸ್ ಚುಚ್ಚಿ ಮುಗಿಸಿ, ಆಮೇಲೆ ಡ್ರೈವರ್ ಹಾಕಿದರಾಯಿತು. ಆಪಲ್ 2015ರ ಹನ್ನೆರಡು ಇಂಚಿನ ಮ್ಯಾಕ್‌ಬುಕ್‌ನಲ್ಲಿ ಕೀಬೋರ್ಡನ್ನೂ ಟ್ರ್ಯಾಕ್‌ಪ್ಯಾಡನ್ನೂ ಎಸ್‌ಪಿಐ ಎಂಬ ಮತ್ತೊಂದು ದಾರಿಗೆ ಹೊರಳಿಸಿತು. ಅದಕ್ಕೆ ಬೇಕಾದ ಡ್ರೈವರ್ ಲಿನಕ್ಸ್ ಕರ್ನಲ್ ಸೇರಿದ್ದು 2019ರ 5.3ನೇ ಆವೃತ್ತಿಯಲ್ಲಿ. ನಡುವಿನ ವರ್ಷಗಳಲ್ಲಿ ಆ ಯಂತ್ರಕ್ಕೆ ಲಿನಕ್ಸ್ ಹಾಕಲು ಹೊರಟವರು ಹೊರಗಿನಿಂದ ಕೀಬೋರ್ಡ್ ಚುಚ್ಚಿಕೊಂಡೋ, ಡ್ರೈವರನ್ನು ತಾವೇ ಬೇರೆಯಾಗಿ ತಂದು ಸೇರಿಸಿಕೊಂಡೋ ಕೆಲಸ ನಡೆಸಬೇಕಾಯಿತು.

ಬ್ಲೂಟೂತ್ ಕೀಬೋರ್ಡಿನ ಮಾತು ಬೇಗ ಮುಗಿಯುತ್ತದೆ: ಇನ್‌ಸ್ಟಾಲ್ ಮಾಡುವಾಗ ಅದನ್ನು ನೆಚ್ಚಬೇಡಿ. ಜೋಡಿ ಮಾಡಿಕೊಂಡ ಗುಪ್ತಸಂಖ್ಯೆ ಹಳೆಯ ಆಪರೇಟಿಂಗ್ ಸಿಸ್ಟಂನಲ್ಲೇ ಉಳಿದಿರುತ್ತದೆ. ಪುಟ್ಟ ಡಾಂಗಲ್ ಜೊತೆ ಬರುವ ನಿಸ್ತಂತು ಕೀಬೋರ್ಡ್ ಹಾಗಲ್ಲ, ಡಾಂಗಲ್ ತನ್ನನ್ನು ಸಾದಾ ಯುಎಸ್‌ಬಿ ಕೀಬೋರ್ಡ್ ಎಂದೇ ಹೇಳಿಕೊಳ್ಳುತ್ತದೆ, ಬಯೋಸ್‌ನಲ್ಲೂ ಓಡುತ್ತದೆ. ಇನ್ನು ಬಯೋಸ್ ಪರದೆಯಲ್ಲೇ ಕೀಬೋರ್ಡ್ ಸತ್ತಿದ್ದರೆ, ಅಂದರೆ ಮೊದಲ ಪಾಳಿಯಲ್ಲೇ ಎಡವಟ್ಟಾಗಿದ್ದರೆ, 'ಫಾಸ್ಟ್ ಬೂಟ್' ಮೇಲೆ ಅನುಮಾನ ಪಡಿ. ಎರಡು ಸೆಕೆಂಡ್ ಉಳಿಸುವ ಆತುರದಲ್ಲಿ ಅದು ಯುಎಸ್‌ಬಿಯ ಪರಿಚಯ ಶಾಸ್ತ್ರವನ್ನೇ ಹಾರಿಸಿಬಿಡಬಹುದು. ಅದನ್ನು ಆಫ್ ಮಾಡಲು ಕೀಬೋರ್ಡ್ ಬೇಕು, ಕೀಬೋರ್ಡ್ ಓಡಲು ಅದು ಆಫ್ ಆಗಬೇಕು. ಮದರ್‌ಬೋರ್ಡ್ ಮೇಲಿನ ಸೀಮಾಸ್ ಜಂಪರನ್ನು ಒಂದುಗೂಡಿಸಿ ಎಲ್ಲವನ್ನೂ ಮೂಲಸ್ಥಿತಿಗೆ ತರುವುದು ಆಗ ಉಳಿಯುವ ದಾರಿ.

ಇದೆಲ್ಲ ಹತ್ತು ವರ್ಷ ಹಿಂದಿನ ಮಾತು ಎಂದುಕೊಂಡಿದ್ದವರಿಗೆ 2025ರ ಅಕ್ಟೋಬರ್ ಉತ್ತರ ಕೊಟ್ಟಿತು. ಆ ತಿಂಗಳ 14ರಂದು, ವಿಂಡೋಸ್ 10ರ ಬೆಂಬಲ ಕೊನೆಗೊಂಡ ದಿನವೇ, ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಕೆಬಿ5066835 ಎಂಬ ಅಪ್‌ಡೇಟ್ ಬಿಟ್ಟಿತು. ಅದನ್ನು ಹಾಕಿಕೊಂಡ ಯಂತ್ರಗಳಲ್ಲಿ ದಿನನಿತ್ಯದ ವಿಂಡೋಸ್ ಸರಿಯಾಗಿಯೇ ಇತ್ತು. ಆದರೆ ಯಂತ್ರ ಕೆಟ್ಟಾಗ ಸರಿಪಡಿಸಲೆಂದು ಡಿಸ್ಕಿನ ಮೂಲೆಯಲ್ಲಿ ಇಟ್ಟಿರುವ ಪುಟ್ಟ ವಿಂಡೋಸ್, ಅಂದರೆ ರಿಕವರಿ ಪರಿಸರ, ತೆರೆದುಕೊಂಡಾಗ ಅಲ್ಲಿ ಯುಎಸ್‌ಬಿ ಕೀಬೋರ್ಡೂ ಇಲ್ಲ, ಮೌಸೂ ಇಲ್ಲ. ದುರಸ್ತಿಯ ಗುಂಡಿಗಳು ಪರದೆ ತುಂಬ ಕಾಣುತ್ತವೆ, ಒತ್ತಲು ಸಾಧನವಿಲ್ಲ. ಅಕ್ಟೋಬರ್ 20ರಂದು ತುರ್ತಾಗಿ ಇನ್ನೊಂದು ಅಪ್‌ಡೇಟ್ ಬಂದು ಅದನ್ನು ಸರಿಪಡಿಸಿತು. ಆದರೆ ಆ ಅಪ್‌ಡೇಟ್ ಹಾಕಿಕೊಳ್ಳಲು ಯಂತ್ರ ಎಂದಿನಂತೆ ಏಳಬೇಕು. ಏಳಲಾರದೆ ರಿಕವರಿಗೆ ಬಂದು ಸಿಕ್ಕಿಕೊಂಡವರಿಗೆ ಅದರಿಂದ ನೇರ ಪ್ರಯೋಜನವಿರಲಿಲ್ಲ. ಅವರಿಗೆ ಮೈಕ್ರೋಸಾಫ್ಟ್ ತೋರಿಸಿದ ದಾರಿಗಳು ಇವು: ಸ್ಪರ್ಶಪರದೆ ಇದ್ದರೆ ಬೆರಳಿನಿಂದ ಒತ್ತಿ, ಮೊದಲೇ ಮಾಡಿಟ್ಟ ರಿಕವರಿ ಪೆನ್‌ಡ್ರೈವ್ ಇದ್ದರೆ ಅದರಿಂದ ಏಳಿಸಿ, ಇಲ್ಲವೇ ಯಂತ್ರದ ಹಿಂದೆ ಪಿಎಸ್/2 ಕಿಂಡಿ ಇದ್ದರೆ ಅದಕ್ಕೊಂದು ಕೀಬೋರ್ಡ್ ಚುಚ್ಚಿ.